ಮಿಕ್ಸಿ ಬಿಡಿಸುವ ಕಷ್ಟ

ಶಿವಮೊಗ್ಗದಲ್ಲಿ ನನ್ನ ಹತ್ತಿರ ಬರುವ ತಾಯಂದಿರಲ್ಲಿ ಈಗ ಈ ದೂರು ಜಾಸ್ತಿ: ಮಗುವಿಗೆ ಹಲ್ಲು ಬಂದಿದೆ, ಆದರೂ ಮಿಕ್ಸಿಗೆ ಹಾಕಿದ್ದನ್ನು ಬಿಟ್ಟು ಬೇರೇನೂ ನುಂಗುವುದಿಲ್ಲ. ಗುರುತು ಸಿಗದಂತೆ ವಿವರ ಬದಲಿಸಿ ಒಂದು ಪ್ರಕರಣ ಬರೆಯುತ್ತಿದ್ದೇನೆ.

ತೀರ್ಥಹಳ್ಳಿ ಕಡೆಯ ಮನೆ, 11 ತಿಂಗಳ ಗಂಡುಮಗು. 6 ತಿಂಗಳು ತುಂಬಿದ ಮೇಲೆ ರಾಗಿ ಮಣ್ಣಿ ಶುರು ಮಾಡಿದ್ದರು. ಒಂದು ದಿನ ಅನ್ನದ ಅಗುಳು ನೆತ್ತಿಗೆ ಹತ್ತಿ ಮಗು ಕೆಮ್ಮಿ ಕೆಂಪಾಯಿತು. ಅವತ್ತಿನಿಂದ ಎಲ್ಲವೂ ಮಿಕ್ಸಿಗೆ. ತೂಕ, ನುಂಗುವುದು ಎರಡೂ ಸರಿಯಿದೆ ಎಂದು ಮಕ್ಕಳ ಡಾಕ್ಟರು ನೋಡಿ ಹೇಳಿದ ಮೇಲೆಯೇ ನಾನು ಮಾತಿಗೆ ಕೂತೆ.

ಜೊತೆಗೆ ಬಂದಿದ್ದ ಅತ್ತೆ, "ನಮ್ಮ ಕಾಲದಲ್ಲಿ ಮಿಕ್ಸಿ ಎಲ್ಲಿತ್ತು? ಕೈಯಲ್ಲೇ ಕಿವುಚಿ ಕೊಟ್ಟು ಮಕ್ಕಳನ್ನ ಸಾಕಿಲ್ವಾ?" ಎಂದರು. ಸೊಸೆ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ಅವನ ಬಾಯೊಳಗೆ ಏನಾಗ್ತಿದೆ ಅಂತ ನಂಗೆ ಕಾಣಲ್ಲ ಅತ್ತೆ. ಅದಕ್ಕೇ ಹೆದರಿಕೆ" ಎಂದರು.

ಅಲ್ಲಿಯವರೆಗೆ ನಾನು ಧೈರ್ಯ ಹೇಳುತ್ತಿದ್ದೆ. ಆ ಮಾತು ಕೇಳಿ ದಾರಿ ಬದಲಿಸಿದೆ. "ಕಾಣದಿದ್ರೂ ಕೇಳುತ್ತಲ್ವಾ?" ಎಂದೆ. ಮಗು ವಾಕರಿಸಿದರೆ ಸದ್ದು ಬರುತ್ತದೆ. ಕೆಮ್ಮುತ್ತದೆ, ಮುಖ ಕೆಂಪಾಗುತ್ತದೆ, ನಾಲಿಗೆ ಮುಂದೆ ಬರುತ್ತದೆ. ಆಗ ಸುಮ್ನೆ ಕಾಯಬೇಕು. ಗಂಟಲು ಪೂರ್ತಿ ಕಟ್ಟಿದರೆ ಅಳುವೂ ಹೊರಡದು, ಕೆಮ್ಮೂ ಹೊರಡದು. ಆಗ ತಲೆ ತಗ್ಗಿರುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ ಬೆನ್ನ ಮೇಲೆ ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ 5 ಏಟು. ಹೋಗದಿದ್ದರೆ ತಿರುಗಿಸಿ ಎದೆಯ ನಡುವೆ ಒಂದು ಕೈಯ ಅಂಗೈ ಬುಡದಿಂದ 5 ಸಲ ಒತ್ತಬೇಕು, 108ಕ್ಕೂ ಕರೆ ಹೋಗಬೇಕು. ಗೊಂಬೆ ಕೊಟ್ಟು ಇಬ್ಬರಿಂದಲೂ ಮಾಡಿಸಿದೆ. ಬಾಯೊಳಗೆ ಬೆರಳು ಹಾಕಿ ತಡಕುವ ಅಭ್ಯಾಸ ಅತ್ತೆಗಿತ್ತು. ತುತ್ತು ಇನ್ನೂ ಒಳಗೆ ಹೋದೀತು ಎಂದು ಒಪ್ಪಿಸುವಷ್ಟರಲ್ಲಿ ಸಾಕಾಯಿತು.

ಮೊದಲೇ ಹೆದರಿದವರಿಗೆ ಇದನ್ನೆಲ್ಲ ಯಾಕೆ ಹೇಳಿದಿರಿ ಎಂದು ಒಬ್ಬ ಸಹೋದ್ಯೋಗಿ ಕೇಳಿದರು. "ಏನೂ ಆಗಲ್ಲ" ಎಂದರೆ ಆ ತಾಯಿ ನಂಬುತ್ತಿರಲಿಲ್ಲ, ಅಪರೂಪಕ್ಕಾದರೂ ಆಗುತ್ತದಲ್ಲ. ಕಾಯೋಣ ಎನ್ನಲೂ ಸಮಯವಿರಲಿಲ್ಲ. 9-10 ತಿಂಗಳು ದಾಟಿದರೂ ಗಂಟಿರುವ ಊಟ ಕಾಣದ ಮಕ್ಕಳು ಮುಂದೆ ಊಟಕ್ಕೆ ಹಟ ಮಾಡುವುದು ಹೆಚ್ಚು.

ಒಂದೇ ಸಲ ಮಿಕ್ಸಿ ಬಿಡಬೇಡಿ, ದಿನಾ ಸ್ವಲ್ಪ ಬೇಗ ನಿಲ್ಲಿಸಿ, ಆಮೇಲೆ ಕೈಯಲ್ಲಿ ಕಿವುಚಿ ಎಂದೆ. ನೆಟ್ಟಗೆ ಕೂರಿಸಿ, ಮನೆಯವರು ಉಣ್ಣುವಾಗಲೇ ಉಣ್ಣಿಸಿ. ಮೊಬೈಲ್ ಬೇಡ. ಮೆತ್ತಗೆ ಬೆಂದ ಸಿಹಿಗುಂಬಳದ ಹೋಳು ಅವನ ಕೈಗೇ ಕೊಡಿ. ಕಡಲೆಬೀಜ, ಹಸಿ ಕ್ಯಾರೆಟ್, ಇಡೀ ದ್ರಾಕ್ಷಿ, ಹಲಸಿನ ಬೀಜ ಸದ್ಯ ಬೇಡ. "ರುಚಿಗೆ ಜೇನು ಹಚ್ಚಲಾ?" ಎಂದರು ಅತ್ತೆ. ವರ್ಷ ತುಂಬುವವರೆಗೆ ಅದೂ ಇಲ್ಲ.

ಮುಂದಿನ ಭೇಟಿಯ ಹೊತ್ತಿಗೆ ಮಗು ಕಡುಬಿನ ಚೂರು ತಿನ್ನುತ್ತಿತ್ತು. ಮೀನು ಯಾವಾಗ ಕೊಡುವುದು ಎಂದು ಅತ್ತೆ ಸೊಸೆ ಅಲ್ಲೇ ವಾದಕ್ಕಿಳಿದರು. ಮುಳ್ಳು ಪೂರ್ತಿ ತೆಗೆದು ಈಗಲೇ ಕೊಡಬಹುದು ಎಂದೆ.