ಮೂಳೆ ಡ್ರಿಲ್‌ನ ಗಾಳಿ ಪೈಪ್: ಬಿರುಸೂ ಆಗಬಾರದು, ಉಬ್ಬಲೂ ಬಾರದು

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನಮ್ಮದು ಹೈಡ್ರಾಲಿಕ್ ಹೋಸ್ ಮಾಡುವ ಸಣ್ಣ ವರ್ಕ್‌ಶಾಪ್. ಪರಿಚಯದ ಮೂಳೆ ಡಾಕ್ಟರೊಬ್ಬರು ಗಾಳಿಯಿಂದ ತಿರುಗುವ ಡ್ರಿಲ್‌ಗೆ ಮೆತ್ತನೆಯ ಪೈಪ್ ಮಾಡಿಕೊಡಿ ಅಂದರು. ಪಾಲಿಯುರೆಥೇನ್ ಪೈಪ್ ತೋರಿಸಿದೆವು, ಬಿರುಸು ಅಂದರು. ಬರೀ ಸಿಲಿಕೋನ್ ಪೈಪ್ 7 ಬಾರ್ ಗಾಳಿಯ ಒತ್ತಡಕ್ಕೆ ಬಲೂನಿನಂತೆ ಉಬ್ಬಿತು. ಮುಂದೇನು ಮಾಡೋಣ?

ಉತ್ತರ: ಡಾಕ್ಟರು ಬಿರುಸು ಅಂದರಲ್ಲ, ಆ ಮಾತನ್ನು ನಿಮ್ಮ ಡ್ರಾಯಿಂಗ್ ಶೀಟಿನ ಮೇಲೆ ಮೊದಲ ಸಾಲಾಗಿ ಬರೆದುಕೊಳ್ಳಿ. ಆಪರೇಷನ್ ಮುಗಿಯುವ ತನಕ ಪೈಪಿನ ಭಾರ, ತಿರುಚು ಎಲ್ಲ ಅವರ ಮಣಿಕಟ್ಟಿನ ಮೇಲೆಯೇ ಬೀಳುತ್ತದೆ. ಡ್ರಿಲ್ ತುದಿ ಮೂಳೆಯ ಮೇಲೆ ಒಂದು ಚುಕ್ಕೆಯಲ್ಲಿ ನಿಲ್ಲಬೇಕು. ಪೈಪ್ ಆ ಕೈಯನ್ನು ಎಳೆಯಬಾರದು.

ಬರೀ ಸಿಲಿಕೋನ್ ಉಬ್ಬಿದ್ದು ಸಹಜ. ಒಳವ್ಯಾಸ 6 ಮಿ.ಮೀ., ಗೋಡೆ 2 ಮಿ.ಮೀ. ಅಂತಿಟ್ಟುಕೊಳ್ಳಿ. 7 ಬಾರ್ ಅಂದರೆ 0.7 ಮೆಗಾಪಾಸ್ಕಲ್. ಒಳವ್ಯಾಸದಿಂದ ಗುಣಿಸಿ, ಗೋಡೆ ದಪ್ಪದ ಎರಡರಷ್ಟರಿಂದ ಭಾಗಿಸಿ. ಗೋಡೆಯ ಮೇಲೆ ಸುಮಾರು 1 ಮೆಗಾಪಾಸ್ಕಲ್ ಎಳೆತ ಬಂತು. ಸಿಲಿಕೋನ್ ಹರಿಯಲು ಇದು ಸಾಲದು, ಆದರೆ ಹಿಗ್ಗಲು ಧಾರಾಳ ಸಾಕು. ಗೋಡೆ ದಪ್ಪ ಮಾಡಿದರೆ ಮತ್ತೆ ಬಿರುಸು. ಹಾಗಾಗಿ ತೆಳು ಸಿಲಿಕೋನ್, ಅದರ ಮೇಲೆ ನೂಲಿನ ಹೆಣಿಗೆ, ಮೇಲೊಂದು ತೆಳು ಸಿಲಿಕೋನ್ ಪದರ, ಹೀಗೆ ಮಾಡಬೇಕು. ತಿಕೋಟಾ ಕಡೆ ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುವ ಪೈಪ್ ಕೊಯ್ದು ನೋಡಿ, ಒಳಗೆ ನೂಲು ಕಾಣುತ್ತದೆ.

ಈಗ ಮುಖ್ಯ ವಿಷಯ, ಹೆಣಿಗೆಯ ಕೋನ. ಗಾಳಿ ತುಂಬಿದಾಗ ಪೈಪಿನ ಸುತ್ತಳತೆಯ ಕಡೆ ಬೀಳುವ ಎಳೆತ, ಉದ್ದದ ಕಡೆ ಬೀಳುವುದರ ಎರಡರಷ್ಟು. ನೂಲು ಪೈಪಿನ ಉದ್ದಕ್ಕೆ 54.7 ಡಿಗ್ರಿ ಓರೆಯಾಗಿದ್ದರೆ ಎರಡನ್ನೂ ಸಮನಾಗಿ ಹಿಡಿಯುತ್ತದೆ. ಪೈಪ್ ಉದ್ದವೂ ಆಗಲ್ಲ, ಗಿಡ್ಡವೂ ಆಗಲ್ಲ. ಕೋನ ಜಾಸ್ತಿಯಾದರೆ ಪೈಪ್ ಉದ್ದವಾಗುತ್ತದೆ. ಕಡಿಮೆಯಾದರೆ ದಪ್ಪಗಾಗಿ ಗಿಡ್ಡವಾಗುತ್ತದೆ. ನಾನು ಮೊದಲು ಮಾಡಿದ ಪೈಪಿನಲ್ಲಿ ಕೋನ ಕಡಿಮೆ ಇತ್ತು. ಪೆಡಲ್ ಒತ್ತಿದ ಕೂಡಲೇ ಪೈಪ್ ಕುಗ್ಗಿ ಡ್ರಿಲ್ ಹಿಡಿದ ಕೈಯನ್ನು ಹಿಂದಕ್ಕೆ ಎಳೆಯಿತು. ಪುಣ್ಯಕ್ಕೆ ಅವತ್ತು ಎದುರಿಗೆ ಇದ್ದದ್ದು ಪ್ಲಾಸ್ಟಿಕ್ ಮೂಳೆ. ಆ ಎಳೆತ ಇವತ್ತಿಗೂ ನನ್ನ ಕೈಗೆ ನೆನಪಿದೆ. ಇದೇ ಕುಗ್ಗುವ ಗುಣ ಬಳಸಿಕೊಂಡು ಅಮೆರಿಕದ ಜೋಸೆಫ್ ಮ್ಯಾಕಿಬೆನ್ ಅನ್ನುವ ಭೌತವಿಜ್ಞಾನಿ 1950ರ ದಶಕದಲ್ಲಿ ಗಾಳಿಯ ಸ್ನಾಯು ಮಾಡಿದರು. ಪೋಲಿಯೊದಿಂದ ಕೈಯ ಶಕ್ತಿ ಕಳೆದುಕೊಂಡ ಮಗಳಿಗಾಗಿ. ಅವರಿಗೆ ಬೇಕಾಗಿದ್ದ ಗುಣ ನಿಮಗೆ ಬೇಡ.

ಕೋನ ಅಳೆಯಲು ಯಂತ್ರ ಬೇಕಿಲ್ಲ. ಒಳವ್ಯಾಸ 6, ಗೋಡೆ 1 ಮಿ.ಮೀ. ಇದ್ದರೆ ಹೆಣಿಗೆ ಬೀಳುವುದು 8 ಮಿ.ಮೀ. ವ್ಯಾಸದ ಮೇಲೆ. ಹೊರಪದರ ಹಾಕುವ ಮೊದಲು ಒಂದು ನೂಲಿಗೆ ಮಾರ್ಕರ್ ಹಚ್ಚಿ. ಅದು ಒಂದು ಸುತ್ತು ಮುಗಿಸುವಷ್ಟರಲ್ಲಿ ಸುಮಾರು 18 ಮಿ.ಮೀ. ಮುಂದೆ ಹೋಗಿರಬೇಕು.

ಇನ್ನೂ ಮೆತ್ತಗಾಗಲಿ ಅಂತ ಒಳವ್ಯಾಸ ಇಳಿಸುವ ಆಸೆ ಬರುತ್ತದೆ, ಬೇಡ. ವ್ಯಾಸ ಇಳಿದಂತೆ ಪೈಪಿನಲ್ಲಿ ಕಳೆದುಹೋಗುವ ಒತ್ತಡ ಅದರ ಐದನೇ ಘಾತಕ್ಕೆ ವಿಲೋಮವಾಗಿ ಏರುತ್ತದೆ. ಅಷ್ಟೇ ಗಾಳಿಯನ್ನು 6ರ ಬದಲು 5 ಮಿ.ಮೀ. ಪೈಪಿನಲ್ಲಿ ಕಳಿಸಿದರೆ ನಷ್ಟ ಸುಮಾರು ಎರಡೂವರೆ ಪಟ್ಟು. ಡ್ರಿಲ್ ಮೂಳೆಗೆ ತಾಗಿದ ಕೂಡಲೇ ಸುಸ್ತಾಗುತ್ತದೆ.

ಮೋಟರ್‌ನಿಂದ ಹೊರಬರುವ ಗಾಳಿಯನ್ನು ಗಾಯದ ಹತ್ತಿರ ಬಿಡುವ ಹಾಗಿಲ್ಲ. ಅದರಲ್ಲಿ ಎಣ್ಣೆಯ ಹನಿ ಇರಬಹುದು. ಅದಕ್ಕೇ ಪೈಪಿನೊಳಗೆ ಪೈಪ್: ಒಳಗಿನದರಲ್ಲಿ ಗಾಳಿ ಹೋಗುತ್ತದೆ, ಎರಡರ ನಡುವಿನ ಜಾಗದಲ್ಲಿ ಹಿಂದಕ್ಕೆ ಬರುತ್ತದೆ. ಡ್ರಿಲ್ ಕಡೆಯ ತುದಿಗೆ ತಿರುಗುವ ಜಾಯಿಂಟ್ ಕೊಡಿ. ಕೈ ಹಗುರಾಗಲು ಅದರಷ್ಟು ನೆರವಾಗುವ ಭಾಗ ಇನ್ನೊಂದಿಲ್ಲ.

ಪಾಲಿಯುರೆಥೇನ್ ಹೇಗೂ ಬೇಡವಾಗಿತ್ತು. ಕ್ರಿಮಿ ಕೊಲ್ಲುವ ಆಟೋಕ್ಲೇವ್ ಯಂತ್ರದ 134 ಡಿಗ್ರಿ ಉಗಿಯಲ್ಲಿ ಪದೇಪದೇ ಬೆಂದರೆ ಅದು ಕೆಡುತ್ತದೆ. ಸಿಲಿಕೋನ್ ತಡೆಯುತ್ತದೆ. ಆದರೆ ಪಾಲಿಯೆಸ್ಟರ್ ನೂಲು ಉಗಿಗೆ ನಿಧಾನವಾಗಿ ಸೋಲುತ್ತದೆ. ಹಾಗಾಗಿ ಹೊಸ ಪೈಪ್ ಪರೀಕ್ಷಿಸಿ ಸುಮ್ನಾಗಬೇಡಿ. ಎಷ್ಟು ಸಲ ಆಟೋಕ್ಲೇವ್ ತಡೆಯುತ್ತದೆ ಅಂತ ಹೇಳುತ್ತೀರೋ ಅಷ್ಟು ಸಲ ಬೇಯಿಸಿ, ಆಮೇಲೆ ಒಡೆಯುವ ಪರೀಕ್ಷೆ ಮಾಡಿ. 7 ಬಾರ್ ಕೆಲಸದ ಪೈಪ್ 28 ಬಾರ್ ತಡೆಯಬೇಕು ಅಂತ ನಾನು ಕೇಳುತ್ತೇನೆ. ಸಾಮಾನ್ಯವಾಗಿ ಮೊದಲು ಸೋಲುವುದು ತುದಿಯ ಫಿಟಿಂಗ್. ಸಿಲಿಕೋನ್ ಸಣ್ಣ ಗೀರು ಬಿದ್ದರೂ ಸೀಳುತ್ತದೆ, ಪೈಪಿನೊಳಗೆ ತೂರುವ ಫಿಟಿಂಗ್ ತುದಿಯ (ನಿಪ್ಪಲ್) ಅಂಚುಗಳನ್ನು ನುಣ್ಣಗೆ ಉಜ್ಜಿ. ಒಡೆಯುವ ಪರೀಕ್ಷೆಗೆ ನೀರನ್ನೇ ಬಳಸಿ, ದಯವಿಟ್ಟು. ಒತ್ತಿ ತುಂಬಿದ ಗಾಳಿ ಒಮ್ಮೆಲೇ ಬಿಟ್ಟುಕೊಂಡರೆ ಫಿಟಿಂಗ್ ಗುಂಡಿನಂತೆ ಹಾರುತ್ತದೆ.

ಬೆಳಗಾವಿಯ ಮಳೆಗಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 7 ಬಾರ್‌ಗೆ ಒತ್ತಿದಾಗ ಎಂಟು ಲೀಟರ್ ಗಾಳಿಯ ತೇವ ಒಂದು ಲೀಟರಿಗೆ ಬಂದು ಕೂರುತ್ತದೆ. ತಣ್ಣಗಾದ ಕೂಡಲೇ ನೀರಾಗುತ್ತದೆ. ಡ್ರೈಯರ್, ಫಿಲ್ಟರ್ ಇಲ್ಲದ ಕಂಪ್ರೆಸರ್‌ಗೆ ಡ್ರಿಲ್ ಜೋಡಿಸಬೇಡಿ.

ಕೊನೆಗೆ ಕಾನೂನು. ಇದು 2017ರ ವೈದ್ಯಕೀಯ ಸಾಧನ ನಿಯಮಗಳ ಅಡಿ ಬರುತ್ತದೆ. ಸ್ಯಾಂಪಲ್ ಮಾಡಿ, ಪರೀಕ್ಷಿಸಿ, ಕಲಿಯಿರಿ. ಪರವಾನಗಿ ಸಿಗುವ ತನಕ ರೋಗಿಯ ಹತ್ತಿರ ಒಯ್ಯಬೇಡಿ, ಡಾಕ್ಟರು ಎಷ್ಟೇ ಆತ್ಮೀಯರಾಗಿದ್ದರೂ.

ಪ್ರಶ್ನೆ: ನಾನು ವಿಜಯಪುರದಲ್ಲಿ ಆಪರೇಷನ್ ಥಿಯೇಟರ್ ಟೆಕ್ನಿಷಿಯನ್. ಗಾಳಿ ಡ್ರಿಲ್‌ನ ಪೈಪ್ ಬೇಗ ಹಾಳಾಗುತ್ತಿದೆ. ನಮ್ಮ ಕಡೆ ತಪ್ಪಾಗುತ್ತಿದೆಯಾ?

ಉತ್ತರ: ಮೊದಲು ಟವೆಲ್ ಕ್ಲಿಪ್ ನೋಡಿ. ಪೈಪ್ ಜಾರದಿರಲಿ ಅಂತ ಚೂಪು ಕ್ಲಿಪ್‌ನಿಂದ ಬಟ್ಟೆಗೆ ಸಿಕ್ಕಿಸುತ್ತೀರಿ ಅಲ್ವಾ? ಅದರ ಮೊನೆ ಸಿಲಿಕೋನನ್ನು ಚುಚ್ಚುತ್ತದೆ. ಮೊನೆಯಿಲ್ಲದ ಕ್ಲಿಪ್ ಬಳಸಿ. ತೊಳೆಯುವಾಗ ಎರಡೂ ತುದಿಗೆ ಮುಚ್ಚಳ ಹಾಕಿ, ಒಳಗೆ ನೀರು ಹೋಗಬಾರದು. ಟ್ರೇಯಲ್ಲಿ ಸಡಿಲವಾಗಿ, ದೊಡ್ಡ ಸುರುಳಿಯಾಗಿ ಇಡಿ. ಪ್ರತಿ ಸಲ ಬಳಸುವ ಮೊದಲು ಪೈಪಿಗೆ ಗಾಳಿ ತುಂಬಿ, ಗ್ಲೌಸ್ ಹಾಕಿದ ಬೆರಳಿನಿಂದ ಉದ್ದಕ್ಕೂ ಸವರಿ. ಎಲ್ಲಾದರೂ ಸಣ್ಣ ಉಬ್ಬು ಸಿಕ್ಕರೆ ಒಳಗೆ ಹೆಣಿಗೆ ಹರಿದಿದೆ ಅಂತ ಅರ್ಥ. ಅದರ ಮೇಲೆ ಟೇಪ್ ಸುತ್ತಬೇಡಿ. ಅಲ್ಲಿಯೇ ಕತ್ತರಿಸಿ ಎರಡು ತುಂಡು ಮಾಡಿ ಎಸೆಯಿರಿ, ಮುಂದಿನ ಪಾಳಿಯವರು ತಿಳಿಯದೆ ಎತ್ತಿ ಬಳಸದಿರಲಿ.