ಮೊದಲು ಹೋದವರು ಮುಳುಗುತ್ತಾರಾ?

ಚನ್ನಮ್ಮನ ಕಿತ್ತೂರಿನ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ತಂದೆ 1993ರಲ್ಲಿ ಸಾಲ ಮಾಡಿ ಬಸ್ ಸ್ಟ್ಯಾಂಡ್ ಹತ್ತಿರ, ದುಡ್ಡು ಕೊಟ್ಟು ದೂರದೂರಿಗೆ ಫೋನ್ ಮಾಡುವ ಎಸ್‌ಟಿಡಿ ಬೂತ್ ಹಾಕಿದ್ದರಂತೆ. ಕೆಲವು ವರ್ಷ ಚಲೋ ನಡೆಯಿತು. ಮೊಬೈಲ್ ಬಂದ ಮೇಲೆ ಬಾಗಿಲು ಹಾಕಬೇಕಾಯಿತು. ಈಗ ಅವರ ಮಗ ಕಬ್ಬಿಗೆ ಔಷಧ ಹೊಡೆಯುವ ಡ್ರೋನ್ ತರುತ್ತೇನೆ ಅಂತ ಹಟ ಹಿಡಿದಿದ್ದಾನೆ. “ಮೊದಲ ಹೋದಾವನ ಮುಳಗ್ತಾನ್ರೀ, ಹಿಂದ ಬಂದಾವ ಗಳಸ್ತಾನ. ಅಂಥಾದ್ರಾಗ ಹುಡುಗನಿಗೆ ಹೂಂ ಅನ್ನಲೋ, ಬ್ಯಾಡ ಅನ್ನಲೋ?” ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ನಿಮ್ಮ ಪ್ರಶ್ನೆಗೆ ನಿಮ್ಮ ಊರಿನಲ್ಲೇ ಒಂದು ಉತ್ತರ ಇದೆ: ಮೊದಲು ಹೋದವರೆಲ್ಲ ಮುಳುಗುವುದಿಲ್ಲ. ಟೆಲಿಕಾಂ ಎಂಜಿನಿಯರ್ ಸ್ಯಾಮ್ ಪಿತ್ರೋಡಾ ಅವರ ಮುಂದಾಳತ್ವದಲ್ಲಿ 1984ರಲ್ಲಿ ಸಿ-ಡಾಟ್ ಎಂಬ ಸಂಸ್ಥೆ ಹುಟ್ಟಿತು. ನಮ್ಮ ದೇಶಕ್ಕೆ ಹೊಂದುವ ಟೆಲಿಫೋನ್ ಎಕ್ಸ್‌ಚೇಂಜ್ ಮಾಡುವುದು ಅದರ ಕೆಲಸ. ಒಂದು ಫೋನಿನ ಕರೆಯನ್ನು ಇನ್ನೊಂದಕ್ಕೆ ಜೋಡಿಸುವ ಯಂತ್ರವೇ ಎಕ್ಸ್‌ಚೇಂಜ್. ಆ ಸಂಸ್ಥೆ ಹಳ್ಳಿಗಳಿಗಾಗಿ ಮಾಡಿದ 128 ಪೋರ್ಟಿನ, ಅಂದರೆ ಲೈನು ಜೋಡಿಸುವ 128 ಜಾಗಗಳಿದ್ದ, ಮೊದಲ ಎಕ್ಸ್‌ಚೇಂಜು 1986ರಲ್ಲಿ ಕೂತಿದ್ದು ಕಿತ್ತೂರಿನಲ್ಲಿ. ಹೊರದೇಶದ ಎಕ್ಸ್‌ಚೇಂಜುಗಳಿಗೆ ಎಸಿ ಕೋಣೆ ಬೇಕಿತ್ತು. ಇದು ಎಸಿ ಇಲ್ಲದೆ, ನಮ್ಮ ಬಿಸಿಲು ಧೂಳಿನಲ್ಲೇ ಓಡುವಂತೆ ಮಾಡಿದ ಯಂತ್ರ. ಇಲ್ಲಿ ಫೋನುಗಳು ಕಡಿಮೆ, ಆದರೆ ಒಂದೊಂದು ಫೋನಿನಲ್ಲೂ ಊರೆಲ್ಲ ಮಾತಾಡುತ್ತದೆ ಎಂಬುದು ಅದನ್ನು ಮಾಡಿದವರಿಗೆ ಗೊತ್ತಿತ್ತು. ಅದಕ್ಕೂ ಮೊದಲು ದೂರದೂರಿಗೆ ಮಾತಾಡಲು ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುತ್ತಿದ್ದ ಕಾಲವನ್ನು ನಿಮ್ಮ ತಂದೆ ಚೆನ್ನಾಗಿ ಬಲ್ಲರು.

ನಿಮ್ಮ ತಂದೆಯ ಬೂತಿನ ಬಗ್ಗೆಯೂ ಸ್ವಲ್ಪ ಹೇಳಬೇಕು. ಗಾಜಿನ ಗೂಡು, ಒಳಗೊಂದು ಫೋನು, ಮೇಲೆ ಕೆಂಪು ಅಂಕಿಗಳು ಓಡುವ ಮೀಟರ್. ಮಾತಾಡುವವರ ಒಂದು ಕಣ್ಣು ಸದಾ ಆ ಅಂಕಿಗಳ ಮೇಲೆ. ರಿಸೀವರ್ ಇಟ್ಟ ಕೂಡಲೇ ಪುಟ್ಟ ಪ್ರಿಂಟರಿನಿಂದ ಕಿರ್ರ್ ಅಂತ ಚೀಟಿ ಹೊರಗೆ. ರಾತ್ರಿ ದರ ಇಳಿಯುವ ಹೊತ್ತಿಗೆ ಪಾಳಿ ಹಚ್ಚಿ ನಿಲ್ಲುವ ಜನ. ಪುಣೆಯಲ್ಲಿ ದುಡಿಯುವ ಮಗನ ದನಿ ಕೇಳಲು ಬಂದ ತಾಯಂದಿರಿಗೆ ನಂಬರ್ ಒತ್ತಿ ಕೊಡುತ್ತಿದ್ದವರು ಬೂತಿನವರೇ. ಬೆಳಗಾವಿಗೆ 0831, ವಿಜಯಪುರಕ್ಕೆ 08352, ಬಾಗಲಕೋಟೆಗೆ 08354, ಎಲ್ಲ ಅವರ ಬಾಯಲ್ಲೇ ಇರುತ್ತಿತ್ತು. ಸಾಲಿ ಮೆಟ್ಟಿಲು ಹತ್ತದವರಿಗೂ ದೂರದವರ ಜೊತೆ ಮಾತಾಡುವ ರೂಢಿ ಬಿದ್ದದ್ದು ಆ ಗೂಡಿನಲ್ಲಿ. ಮುಂದೆ ಬಂದ ಮೊಬೈಲ್ ಕಂಪನಿಗಳಿಗೆ ಈ ರೂಢಿಗಾಗಿ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಕಾಗಿ ಬರಲಿಲ್ಲ.

ಹಾಗಾದರೆ ಮೊಬೈಲ್ ಗೆದ್ದದ್ದು ಹೇಗೆ? ಶುರುವಿನಲ್ಲಿ ಅದು ಬೂತಿಗಿಂತ ಕೆಳಗಿನ ಸರಕೇ ಆಗಿತ್ತು. ದೇಶದ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಆಗ ಬರುವ ಕರೆಗೂ ದುಡ್ಡು. ದನಿ ಕಡಿದು ಕಡಿದು ಬರುತ್ತಿತ್ತು, ಊರ ಹೊರಗೆ ಸಿಗ್ನಲ್ಲೇ ಇಲ್ಲ. ಮೊಬೈಲ್ ಇದ್ದವರೂ ಉದ್ದ ಮಾತಿಗೆ ಬೂತಿಗೇ ಬರುತ್ತಿದ್ದರು. ಆಟ ತಿರುಗಿದ್ದು 2003ರಲ್ಲಿ, ಬರುವ ಕರೆ ಪುಕ್ಕಟೆ ಆದಾಗ. ಅಲ್ಲಿಂದ ಮುಂದೆ ಕಿಸೆಯಲ್ಲಿ ದುಡ್ಡಿಲ್ಲದವರೂ ಫೋನ್ ಇಟ್ಟುಕೊಳ್ಳಬಹುದಾಯಿತು. ಇನ್ನೊಂದು ಕಡೆ ಲ್ಯಾಂಡ್‌ಲೈನಿಗೆ ಮನೆಮನೆಗೂ ತಾಮ್ರದ ತಂತಿ ಎಳೆಯಬೇಕು. ರಸ್ತೆ ಅಗೆಯಬೇಕು, ಕಂಬ ನೆಡಬೇಕು, ಮಳೆಗಾಲದಲ್ಲಿ ಕೆಟ್ಟರೆ ಲೈನ್‌ಮನ್ ಬರುವ ತನಕ ಕಾಯಬೇಕು. ಟವರ್ ಒಂದು ನಿಂತರೆ ಸುತ್ತಲಿನ ಹಳ್ಳಿಗಳಿಗೆಲ್ಲ ಸಾಕು. ಈ ಲೆಕ್ಕದ ಮುಂದೆ ನಿಮ್ಮ ತಂದೆಯ ಜಾಣತನವಾಗಲಿ ದುಡಿಮೆಯಾಗಲಿ ಏನೂ ಮಾಡುವ ಹಾಗಿರಲಿಲ್ಲ. ಆದ್ದರಿಂದ ಅವರು ಸೋತರು ಎಂದು ಬರೆಯಬೇಡಿ. ಸಾಲ ತೀರಿಸಿದರು, ಮನೆ ನಡೆಸಿದರು, ಊರಿಗೆ ಫೋನ್ ಕಲಿಸಿದರು.

ಮುಂದೆ ಹೋದವರಿಗೆ ನಿಜವಾದ ಪೆಟ್ಟು ಬೀಳುವುದು ಹಳೆಯ ಯಂತ್ರವನ್ನು ಬಿಡಲು ಮನಸ್ಸು ಬಾರದಿದ್ದಾಗ. ಫ್ರಾನ್ಸ್ ದೇಶದ್ದು ಇಂಥದೇ ಕಥೆ. ಅಲ್ಲಿನ ಸರ್ಕಾರಿ ಟೆಲಿಫೋನ್ ಇಲಾಖೆ 1982ರಲ್ಲಿ ಮಿನಿಟೆಲ್ ಎಂಬ ಪುಟ್ಟ ಪರದೆಯ ಯಂತ್ರವನ್ನು ದೇಶದ ತುಂಬ ಶುರು ಮಾಡಿತು. ಫೋನ್ ಲೈನಿಗೆ ಹಚ್ಚಿದರೆ ಮನೆಯಲ್ಲಿ ಕೂತೇ ರೈಲು ಟಿಕೆಟ್, ಬ್ಯಾಂಕಿನ ಲೆಕ್ಕ, ಹರಟೆ ಎಲ್ಲ ಆಗುತ್ತಿತ್ತು. ಜನರಿಗೆ ಯಂತ್ರ ಪುಕ್ಕಟೆ, ಬಳಸಿದ ನಿಮಿಷಕ್ಕೆ ದುಡ್ಡು. ನಮ್ಮಲ್ಲಿ ಟ್ರಂಕ್ ಕಾಲ್ ಇನ್ನೂ ಬುಕ್ ಮಾಡುತ್ತಿದ್ದ ಕಾಲಕ್ಕೆ ಇದು! ಒಂದು ಹಂತದಲ್ಲಿ ಸುಮಾರು 90 ಲಕ್ಷ ಯಂತ್ರಗಳು ಮನೆ, ಆಫೀಸುಗಳಲ್ಲಿದ್ದವು. ಆಮೇಲೆ ಇಂಟರ್ನೆಟ್ ಬಂತು. ಯಾರು ಬೇಕಾದರೂ ತಮ್ಮ ಅಂಗಡಿ ತೆರೆಯಬಹುದಾದ ಜಾಲ ಅದು. ಮಿನಿಟೆಲ್‌ನಿಂದ ಗಳಿಕೆ ಚಲೋ ಇತ್ತು, ಹಾಗಾಗಿ ಅದನ್ನು ಬಿಟ್ಟು ಹೊಸದರ ಕಡೆ ಓಡುವ ಅವಸರ ಅಲ್ಲಿ ಕಾಣಲಿಲ್ಲ. 2012ರ ಜೂನ್ 30ಕ್ಕೆ ಅದನ್ನು ಪೂರ್ತಿ ನಿಲ್ಲಿಸಿದರು.

ಇದಕ್ಕೆ ಎದುರಾಗಿ ನಮ್ಮ ಬೆಳಗಾವಿಯನ್ನೇ ನೋಡಿ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಇಲ್ಲಿ ಸೈಕಲ್ ಅಂಗಡಿ ಇಟ್ಟರು. ಆಗ ಸೈಕಲ್ ಅಂದರೆ ಜನ ನಿಂತು ನೋಡುವ ವಸ್ತು. ಅವರು ಸೈಕಲ್ಲನ್ನೇ ಹಿಡಿದು ಕೂರಲಿಲ್ಲ. ಮೇವು ಕತ್ತರಿಸುವ ಯಂತ್ರ ಮಾಡಿದರು, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ ಅಂತ ರೈತರು ಹೆದರಿದ್ದರು ಎನ್ನುತ್ತಾರೆ. ಆದರೂ ಬಿಡಲಿಲ್ಲ. 1910ರಲ್ಲಿ ಈಗಿನ ಮಹಾರಾಷ್ಟ್ರದ ಕುಂಡಲ್ ಹತ್ತಿರ ಹೋಗಿ ಕಾರ್ಖಾನೆ ಕಟ್ಟಿದರು, ಅದೇ ಕಿರ್ಲೋಸ್ಕರವಾಡಿ. ಇವತ್ತು ಟ್ರ್ಯಾಕ್ಟರ್ ಮುಂದೆ ಆ ನೇಗಿಲು ಹಿಂದೆ ಬಿದ್ದಿದೆ. ಆದರೆ ಅಷ್ಟರಲ್ಲಿ ಆ ಮನೆತನ ಪಂಪು, ಡೀಸೆಲ್ ಎಂಜಿನ್ ಕಡೆ ಹೊರಳಿ ಆಗಿತ್ತು. ಒಂದರ ಗಳಿಕೆ ಇನ್ನೂ ಇರುವಾಗಲೇ ಮತ್ತೊಂದಕ್ಕೆ ಕೈ ಹಾಕುವುದು, ನನಗೆ ಇದರಲ್ಲಿ ಬಹಳ ಮೆಚ್ಚುಗೆಯಾಗುವ ಗುಣ ಅದು.

ಇನ್ನು ನಿಮ್ಮ ಮಗನ ವಿಷಯ. ನಾನಾದರೆ ಹೂಂ ಅನ್ನುತ್ತೇನೆ, ಆದರೆ ಕಣ್ಣು ಮುಚ್ಚಿ ಅಲ್ಲ. ಕಬ್ಬು ಆಳೆತ್ತರ ಬೆಳೆದ ಮೇಲೆ ಬೆನ್ನಿಗೆ ಪಂಪು ಕಟ್ಟಿಕೊಂಡು ಸಾಲಿನೊಳಗೆ ನುಗ್ಗುವುದು ಎಂಥ ಕಷ್ಟ ಅಂತ ನಿಮಗೆ ನಾನು ಹೇಳಬೇಕಾ? ರವದಿ, ಅಂದರೆ ಕಬ್ಬಿನ ಗರಿ, ಕೈಗೆ, ಮುಖಕ್ಕೆ ಕೊಯ್ಯುತ್ತದೆ, ಔಷಧ ಮೈಮೇಲೆಯೇ ಬೀಳುತ್ತದೆ. ಆಳು ಸಿಗುವುದೂ ಕಷ್ಟ. ಆ ಕಷ್ಟ ಇರುವ ತನಕ ಮೇಲಿನಿಂದ ಔಷಧ ಹೊಡೆಯುವವರಿಗೆ ಕೆಲಸ ಇದೆ. ಡ್ರೋನ್ ಮಾತ್ರ ಹಳತಾಗುತ್ತದೆ, ಬೇಗ ಹಳತಾಗುತ್ತದೆ. ಬ್ಯಾಟರಿ ಅಂತೂ ಸವೆಯುವ ಸಾಮಾನು, ಅದರ ಖರ್ಚನ್ನು ಮೊದಲೇ ಹಿಡಿಯಿರಿ. ಆದ್ದರಿಂದ ಸಾಲದ ಕಂತು ಯಂತ್ರದ ಬಾಳಿಕೆಗಿಂತ ಉದ್ದ ಇರಬಾರದು. ಬ್ಯಾಂಕಿನವರು ಎಷ್ಟೇ ಹೇಳಲಿ, ಇದೊಂದು ಮಾತು ಬಿಟ್ಟುಕೊಡಬೇಡಿ. 2021ರ ಡ್ರೋನ್ ನಿಯಮದಂತೆ ಇಂಥ ಡ್ರೋನ್ ಹಾರಿಸುವವರಿಗೆ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು. ಹುಡುಗ ಮೊದಲು ಆ ತರಬೇತಿ ಮುಗಿಸಲಿ. ಒಂದು ಹಂಗಾಮು ಬೇರೆಯವರ ಡ್ರೋನ್ ಜೊತೆ ಹೊಲ ತಿರುಗಲಿ. ಎಷ್ಟು ಗಾಳಿಗೆ ಹಾರಿಸಬಾರದು, ಯಾವ ಔಷಧಕ್ಕೆ ಎಷ್ಟು ನೀರು, ಪಕ್ಕದ ಹೊಲಕ್ಕೆ ಹನಿ ಹಾರದಂತೆ ಹೇಗೆ ಹೊಡೆಯುವುದು, ಇದೆಲ್ಲ ಕೈಗೆ ಬಂದರೆ ನಾಳೆ ಎಂಥ ಹೊಸ ಯಂತ್ರ ಬಂದರೂ ರೈತರು ಅವನನ್ನೇ ಕರೆಯುತ್ತಾರೆ.

ಖರೀದಿಗೆ ಮೊದಲು ಬ್ಯಾಂಕಿನ ಕಂತಿನ ಪಟ್ಟಿ, ಕಂಪನಿಯ ಕೊಟೇಶನ್ ಎರಡನ್ನೂ ನಮಗೆ ಕಳಿಸಿ. ಲೆಕ್ಕ ಬಲ್ಲವರಿಗೆ ತೋರಿಸಿ ತಿಳಿಸುತ್ತೇನೆ.