ಅಮೆರಿಕದಲ್ಲಿ ಬಂದೂಕು ಸಂಗ್ರಹಕ್ಕೆ ಮನೆ ಇನ್ಶೂರೆನ್ಸ್ ಒಂದೇ ಸಾಕೇ?

ಒಹಾಯೋದ ಕೊಲಂಬಸ್‌ನಲ್ಲಿ ಸ್ವಂತ ಮನೆ, ಗ್ರೀನ್ ಕಾರ್ಡ್, ಬೇಸ್‌ಮೆಂಟಿನ ಸೇಫ್‌ನಲ್ಲಿ ಹನ್ನೊಂದು ಬಂದೂಕು, ಎಲ್ಲ ಸೇರಿ ಸುಮಾರು 30,000 ಡಾಲರ್ ಬೆಲೆ, ಅದರಲ್ಲಿ ಎರಡು ವಿಂಚೆಸ್ಟರ್ ಕಂಪನಿಯ ಹಳೆಯ ಬಂದೂಕು, ಒಂದು ಹಳೆಯ ಕೋಲ್ಟ್ ರಿವಾಲ್ವರ್. ಮನೆ ಇನ್ಶೂರೆನ್ಸ್ ಹೇಗೂ ಇದೆ, ಅಷ್ಟು ಸಾಲದೇ ಎಂದು ಕೇಳಿದ್ದೀರಿ. ಸಾಲದು. ಎಲ್ಲೆಲ್ಲಿ ಸಾಲದು ಅನ್ನುವುದನ್ನು ಮೊದಲು ನೋಡಿ, ಆಮೇಲೆ ಏಜೆಂಟಿಗೆ ಫೋನ್ ಮಾಡಿ.

ಅಲ್ಲಿ ಹೆಚ್ಚಿನ ಮನೆಗಳಿಗೆ ಇರುವುದು ಎಚ್‌ಒ-3 ಪಾಲಿಸಿ. ಅದರ ಕವರೇಜ್ ಸಿ ಮನೆಯೊಳಗಿನ ಸಾಮಾನಿಗೆ. ಆ ಮೊತ್ತ ಒಂದೂವರೆ ಲಕ್ಷ ಡಾಲರ್ ಇದ್ದರೂ ಒಡವೆ, ನಗದು, ಬಂದೂಕು ಮುಂತಾದವಕ್ಕೆ ಒಳಗೇ ಬೇರೆ ಮಿತಿ ಹಾಕಿರುತ್ತಾರೆ. ಬಹಳ ಕಂಪನಿಗಳು ಆಧಾರವಾಗಿ ಇಟ್ಟುಕೊಳ್ಳುವ ಐಎಸ್‌ಒ (ಇನ್ಶೂರೆನ್ಸ್ ಕಂಪನಿಗಳಿಗೆ ಪಾಲಿಸಿಯ ಮಾದರಿ ಬರೆದುಕೊಡುವ ಸಂಸ್ಥೆ) ನಮೂನೆಯ 2011ರ ಆವೃತ್ತಿಯಲ್ಲಿ, ಕಳ್ಳತನವಾದರೆ ಬಂದೂಕು ಮತ್ತು ಅದರ ಪರಿಕರಗಳಿಗೆ ಸಿಗುವುದು 2,500 ಡಾಲರ್. ಅದು ಒಂದೊಂದು ಬಂದೂಕಿಗಲ್ಲ, ಹನ್ನೊಂದಕ್ಕೂ ಸೇರಿ. ಗುರಿ ಹಿಡಿಯುವ ದುರ್ಬೀನಾದ ಸ್ಕೋಪು, ಸದ್ದು ತಗ್ಗಿಸುವ ಸಪ್ರೆಸರ್ ಕೂಡ ಆ ಮಿತಿಯೊಳಗೇ ಬರುತ್ತವೆ. ಒಳ್ಳೆಯ ಸ್ಕೋಪು ಒಂದೇ ಅದನ್ನು ತಿಂದುಹಾಕಬಹುದು.

ಆ ನಮೂನೆಯಲ್ಲಿ ಈ ಮಿತಿ ಕಳ್ಳತನಕ್ಕೆ ಮಾತ್ರ. ಬೆಂಕಿಗೆ ಸುಟ್ಟರೆ ಪೂರ್ತಿ ಕವರೇಜ್ ಸಿ ಲೆಕ್ಕಕ್ಕೆ ಬರುತ್ತದೆ. ಆದರೆ ಕೆಲವು ಕಂಪನಿಗಳು ಅದೇ ಮಿತಿಯನ್ನು ಎಲ್ಲ ಬಗೆಯ ನಷ್ಟಕ್ಕೂ ಹಾಕುತ್ತವೆ. ನಿಮ್ಮ ಪಾಲಿಸಿಯಲ್ಲಿ ಬಂದೂಕಿನ ಸಾಲು ತೆಗೆದು ‘ಬೈ ಥೆಫ್ಟ್’ ಎಂಬ ಎರಡು ಪದ ಇವೆಯೇ ನೋಡಿ.

ಏಜೆಂಟ್ ಸಾಮಾನ್ಯವಾಗಿ ಮೊದಲು ಹೇಳುವುದು ಮಿತಿ ಏರಿಸುವ ಎಂಡಾರ್ಸ್‌ಮೆಂಟನ್ನು, ಅಂದರೆ ಪಾಲಿಸಿಗೆ ಸೇರಿಸುವ ಹೆಚ್ಚುವರಿ ಕರಾರನ್ನು. ಐಎಸ್‌ಒದಲ್ಲಿ ಅದು ಎಚ್‌ಒ 04 65. ಅಗ್ಗ, ಪಟ್ಟಿ ಕೊಡುವ ತಲೆನೋವೂ ಕಡಿಮೆ. ಆದರೆ ಅದು ಏರಿಸುವುದು ಮೊತ್ತವನ್ನಷ್ಟೇ. ಎಚ್‌ಒ-3ರಲ್ಲಿ ಸಾಮಾನಿಗೆ ರಕ್ಷಣೆ ಇರುವುದು ಹೆಸರಿಸಿದ 16 ಅಪಾಯಗಳಿಂದ ಮಾತ್ರ. ಗುಂಡು ಹಾರಿಸುವ ರೇಂಜಿನಿಂದ ಬರುವಾಗ ಎಲ್ಲೋ ಕಳೆದುಹೋಯಿತು, ಕೈಜಾರಿ ಬಿದ್ದು ಸ್ಟಾಕ್ (ಮರದ ಹಿಡಿ) ಸೀಳಿತು ಅಂದರೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಬೆಲೆ ಕಟ್ಟುವ ರೀತಿಯೂ ಬದಲಾಗುವುದಿಲ್ಲ: ಸವಕಳಿ ಕಳೆದ ಬೆಲೆಯೇ ಸಿಗುತ್ತದೆ. ಸವಕಳಿ ಕಳೆಯದೆ ಹೊಸದರ ಬೆಲೆ ಕೊಡುವ ರಿಪ್ಲೇಸ್‌ಮೆಂಟ್ ಕಾಸ್ಟ್ ಎಂಡಾರ್ಸ್‌ಮೆಂಟ್ ಇದೆಯಲ್ಲ ಎಂದು ನೆಮ್ಮದಿಯಾಗಿ ಇರಬೇಡಿ. ಅದರಲ್ಲೇ ಆಂಟಿಕ್ ವಸ್ತುಗಳನ್ನೂ, ವಯಸ್ಸು ಅಥವಾ ಇತಿಹಾಸದಿಂದಾಗಿ ಬೆಲೆಬಾಳುವ ಸಂಗ್ರಹದ ವಸ್ತುಗಳನ್ನೂ ಹೊರಗಿಟ್ಟಿರುತ್ತಾರೆ. ನಿಮ್ಮ ವಿಂಚೆಸ್ಟರ್‌ಗಳು ಬೀಳುವುದು ಅಲ್ಲೇ.

ಎರಡನೆಯ ದಾರಿ ಪ್ರತಿ ಬಂದೂಕನ್ನೂ ಸೀರಿಯಲ್ ನಂಬರ್, ಬೆಲೆ ಸಮೇತ ಪಾಲಿಸಿಯಲ್ಲಿ ಪಟ್ಟಿ ಮಾಡಿ ಬರೆಸುವುದು, ಅಂದರೆ ಷೆಡ್ಯೂಲ್ ಮಾಡಿಸುವುದು. ಇದರಲ್ಲಿ ಕಳೆದುಹೋದರೂ ಬಿದ್ದು ಒಡೆದರೂ ರಕ್ಷಣೆ ಇರುತ್ತದೆ, ಡಿಡಕ್ಟಿಬಲ್ (ನಷ್ಟದಲ್ಲಿ ನೀವೇ ಭರಿಸಬೇಕಾದ ಮೊದಲ ಪಾಲು) ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಬಹಳ ಜನ ಮೋಸಹೋಗುವುದು ಇಲ್ಲೇ. ಕೋಲ್ಟ್ ಮುಂದೆ 6,000 ಡಾಲರ್ ಎಂದು ಬರೆದಿದ್ದರೆ ಅಷ್ಟೂ ಕೈಗೆ ಬರುತ್ತದೆ ಅಂದುಕೊಳ್ಳುತ್ತಾರೆ. ಮಾಮೂಲಿ ಷೆಡ್ಯೂಲಿನಲ್ಲಿ ಅದು ಗರಿಷ್ಠ ಮಿತಿ ಮಾತ್ರ. ಆ ದಿನದ ಬೆಲೆ, ರಿಪೇರಿ ಖರ್ಚು, ಬದಲಿ ಖರೀದಿಯ ಖರ್ಚು, ಬರೆದ ಮೊತ್ತ, ಈ ನಾಲ್ಕರಲ್ಲಿ ಯಾವುದು ಕಡಿಮೆಯೋ ಅದನ್ನು ಕೊಡುತ್ತಾರೆ. ನಿಮಗೆ ಬೇಕಾದದ್ದು ‘ಅಗ್ರೀಡ್ ವ್ಯಾಲ್ಯೂ’: ಪೂರ್ತಿ ನಷ್ಟವಾದರೆ ಒಪ್ಪಿಕೊಂಡ ಬೆಲೆಯನ್ನು ಚೌಕಾಸಿಯಿಲ್ಲದೆ ಕೊಡುವ ಕರಾರು. ‘ಸ್ಟೇಟೆಡ್ ವ್ಯಾಲ್ಯೂ’ ಎಂದು ಬರೆದಿದ್ದರೆ ಅದು ಬೇರೆ, ಬರೆದ ಮೊತ್ತ ಗರಿಷ್ಠ ಮಿತಿ ಅಷ್ಟೇ, ಸಹಿ ಮಾಡಬೇಡಿ. ಏಜೆಂಟ್ ಬಾಯಿಮಾತಿನಲ್ಲಿ ‘ಎರಡೂ ಒಂದೇ’ ಅಂದರೆ ಇಮೇಲ್‌ನಲ್ಲಿ ಬರೆದು ಕಳಿಸಲು ಹೇಳಿ.

ಮೂರನೆಯದು ಸಂಗ್ರಾಹಕರಿಗೆಂದೇ ಇರುವ ಪ್ರತ್ಯೇಕ ಪಾಲಿಸಿ. ಮನೆ ಪಾಲಿಸಿಗೆ ಸಂಬಂಧವಿಲ್ಲದ್ದರಿಂದ ಇಲ್ಲಿ ಕ್ಲೇಮು ಹಾಕಿದರೆ ಅದು ಮನೆ ಪಾಲಿಸಿಯ ಮೇಲಿನ ಕ್ಲೇಮು ಆಗುವುದಿಲ್ಲ. ಒಂದು ಮೊತ್ತದವರೆಗಿನ ಬಂದೂಕುಗಳನ್ನು ಪಟ್ಟಿ ಕೇಳದೆ ಒಟ್ಟಾಗಿ ಬ್ಲ್ಯಾಂಕೆಟ್‌ನಲ್ಲಿ ಸೇರಿಸಿಕೊಳ್ಳುತ್ತಾರೆ, ಅದನ್ನು ಮೀರಿದವನ್ನು ಮಾತ್ರ ಬರೆದುಕೊಡಬೇಕು. ಸೀರಿಯಲ್ ನಂಬರ್‌ಗಳನ್ನು ಕಂಪನಿಗೆ ಕೊಡಲು ಮನಸ್ಸಿಲ್ಲದವರು ಈ ಕಾರಣಕ್ಕೇ ಇದನ್ನು ಆರಿಸುತ್ತಾರೆ. ಸಹಿಗೆ ಮುಂಚೆ ಕೇಳಬೇಕಾದದ್ದು: ಯಾರೂ ಇಲ್ಲದ ಕಾರಿನಿಂದ ಕದ್ದರೆ ಕೊಡುತ್ತೀರಾ? ಬಂದೂಕು ರಿಪೇರಿ ಮಾಡುವ ಗನ್‌ಸ್ಮಿತ್ ಬಳಿ ಇದ್ದಾಗ? ಕೊರಿಯರ್‌ನಲ್ಲಿ ಇದ್ದಾಗ? ಹೊಸದಾಗಿ ಕೊಂಡದ್ದನ್ನು ಎಷ್ಟು ದಿನದೊಳಗೆ ತಿಳಿಸಬೇಕು? ಸೇಫ್ ಕಡ್ಡಾಯವೇ? ನಿಮ್ಮ ಜಾಗದಲ್ಲಿ ನಾನಾದರೆ ಮೂರು ಹಳೆಯವನ್ನು ಅಗ್ರೀಡ್ ವ್ಯಾಲ್ಯೂದಲ್ಲಿ ಬರೆಸಿ, ಉಳಿದ ಎಂಟನ್ನು ಬ್ಲ್ಯಾಂಕೆಟ್‌ಗೆ ಹಾಕುತ್ತೇನೆ.

ಬೆಲೆಗೆ ದಾಖಲೆ ಇಲ್ಲದಿದ್ದರೆ ಯಾವ ಪಾಲಿಸಿಯೂ ಕೆಲಸಕ್ಕೆ ಬರುವುದಿಲ್ಲ. ಪ್ರತಿ ಬಂದೂಕಿಗೂ ಎರಡೂ ಬದಿಯ ಫೋಟೊ, ಸೀರಿಯಲ್ ನಂಬರ್, ಬ್ಯಾರಲ್ ಮೇಲಿನ ಮುದ್ರೆಗಳು, ಎಲ್ಲೆಲ್ಲಿ ಸವೆದಿದೆ ಅನ್ನುವುದರ ಹತ್ತಿರದ ಚಿತ್ರ, ಕೊಂಡ ರಸೀದಿ. ಬಂದೂಕು ಕಾನೂನು ನೋಡಿಕೊಳ್ಳುವ ಫೆಡರಲ್ ಸರ್ಕಾರದ ಎಟಿಎಫ್ ಇಲಾಖೆ ‘ಪರ್ಸನಲ್ ಫೈರ್‌ಆರ್ಮ್ಸ್ ರೆಕಾರ್ಡ್’ ಎಂಬ ಖಾಲಿ ನಮೂನೆ ಕೊಡುತ್ತದೆ. ಅದನ್ನು ತುಂಬಿ ನೀವೇ ಇಟ್ಟುಕೊಳ್ಳುವುದು, ಯಾರಿಗೂ ಕಳಿಸಬೇಕಾಗಿಲ್ಲ. ಇದರ ಪ್ರತಿ ಮನೆಯ ಹೊರಗೂ ಇರಲಿ. ಸೇಫ್‌ನೊಳಗೇ ಇಟ್ಟರೆ ಬಂದೂಕಿನ ಜೊತೆ ಅದೂ ಹೋಗುತ್ತದೆ. ಹಳೆಯ ಮೂರಕ್ಕೆ ತಜ್ಞರಿಂದ ಲಿಖಿತ ಅಪ್ರೈಸಲ್ (ಬೆಲೆ ನಿರ್ಧಾರ) ಮಾಡಿಸಿ, ಮೂರು ವರ್ಷಕ್ಕೊಮ್ಮೆಯಾದರೂ ಹೊಸದು ಮಾಡಿಸಿ. ಬೆಲೆ ಹಾಕುವಾಗ ಹರಾಜಿನ ಕೂಗಿನ ಮೊತ್ತಕ್ಕೆ ಬೈಯರ್ಸ್ ಪ್ರೀಮಿಯಂ (ಕೊಳ್ಳುವವರಿಂದ ಹರಾಜು ಸಂಸ್ಥೆ ಪಡೆಯುವ ಶುಲ್ಕ), ತೆರಿಗೆ, ಸಾಗಣೆ, ಡೀಲರ್ ಮೂಲಕ ವರ್ಗಾಯಿಸುವ ಶುಲ್ಕ ಎಲ್ಲವನ್ನೂ ಕೂಡಿಸಿ. ಇನ್ನೊಂದು ಕೊಳ್ಳಲು ನಿಮಗೆ ಬೀಳುವ ಖರ್ಚು ಅದು. ದಯವಿಟ್ಟು ಹಳೆಯ ವಿಂಚೆಸ್ಟರ್‌ಗೆ ಹೊಸ ಪಾಲಿಶ್, ಹೊಸ ಬ್ಲೂಯಿಂಗ್ (ಉಕ್ಕಿಗೆ ಕೊಡುವ ಕಡುನೀಲಿ ಲೇಪ) ಮಾಡಿಸಬೇಡಿ. ಮೂಲ ಬಣ್ಣ ಹೋದರೆ ಬೆಲೆಯ ದೊಡ್ಡ ಪಾಲು ಹೋಯಿತು, ಅದನ್ನು ಯಾವ ಇನ್ಶೂರೆನ್ಸೂ ತುಂಬಿಕೊಡುವುದಿಲ್ಲ.

ಬೇಸ್‌ಮೆಂಟ್ ಅಂದಿರಲ್ಲ, ನನಗೆ ಹೆಚ್ಚು ಚಿಂತೆ ಅದರದ್ದೇ. ಪ್ರವಾಹ ಮನೆ ಪಾಲಿಸಿಯ ಹೊರಗೆ. ಸರ್ಕಾರಿ ಫ್ಲಡ್ ಪಾಲಿಸಿಯಾದ ಎನ್‌ಎಫ್‌ಐಪಿ ಮಾಡಿಸಿದ್ದರೂ ಬೇಸ್‌ಮೆಂಟಿನಲ್ಲಿ ಅದು ಒಪ್ಪುವುದು ವಾಷಿಂಗ್ ಮಷೀನು, ಡ್ರೈಯರು, ಫ್ರೀಜರಿನಂಥ ಕೆಲವನ್ನಷ್ಟೇ, ಬಂದೂಕನ್ನಲ್ಲ. ಚರಂಡಿ ನೀರು ಹಿಂದಕ್ಕೆ ನುಗ್ಗುವುದಕ್ಕೆ ಮತ್ತೊಂದು ಎಂಡಾರ್ಸ್‌ಮೆಂಟ್ ಬೇಕು. ಸಂಗ್ರಾಹಕರ ಪಾಲಿಸಿ ನೋಡುವಾಗ ನೆರೆನೀರು ಸೇರಿದೆಯೇ ಎಂದು ತಪ್ಪದೆ ಕೇಳಿ. ತಾನಾಗಿ ಹಿಡಿಯುವ ತುಕ್ಕಂತೂ ಸಾಮಾನ್ಯವಾಗಿ ಪಾಲಿಸಿಯ ಹೊರಗೇ. ಸೇಫ್‌ನೊಳಗೆ ಹೀಟರ್ ರಾಡ್ ಹಾಕಿ ತೇವಾಂಶವನ್ನು ಶೇ. 50ರ ಆಸುಪಾಸಿನಲ್ಲಿ ಇಡಿ, ಸೇಫನ್ನು ಕಾಂಕ್ರೀಟಿಗೆ ಬೋಲ್ಟ್ ಮಾಡಿಸಿ. ಬೆಂಕಿ ನಿರೋಧಕ ಸೇಫ್‌ನ ಗೋಡೆಯಲ್ಲಿರುವ ಜಿಪ್ಸಮ್ ಹಲಗೆ ಕಾದಾಗ ತನ್ನೊಳಗಿನ ನೀರನ್ನು ಆವಿಯಾಗಿ ಬಿಡುತ್ತದೆ. ಬಂದೂಕು ಬೆಂಕಿಯಿಂದ ಉಳಿದರೂ ಆ ಆವಿಯಿಂದ ಬೇಗ ತುಕ್ಕು ಹಿಡಿಯುತ್ತದೆ. ಅಗ್ನಿಶಾಮಕದವರು ಒಳಗೆ ಬಿಟ್ಟೊಡನೆ ಫೋಟೊ ತೆಗೆದು, ನಷ್ಟ ಪರಿಶೀಲಿಸುವ ಕಂಪನಿಯ ಅಡ್ಜಸ್ಟರ್‌ಗೆ ತಿಳಿಸಿ, ಬಂದೂಕುಗಳನ್ನು ಹೊರಗೆ ತೆಗೆದು ಒರೆಸಿ ಎಣ್ಣೆ ಹಚ್ಚಬೇಕು. ನಷ್ಟ ಹೆಚ್ಚಾಗದಂತೆ ನೋಡಿಕೊಳ್ಳುವುದು ನಿಮ್ಮ ಕರಾರಿನ ಕರ್ತವ್ಯವೂ ಹೌದು.

ನಿಮ್ಮ ಪರಿಚಯದ ಎಚ್-1ಬಿ ಸ್ನೇಹಿತರಿಗೂ ಒಂದು ಮಾತು ಹೇಳಿ. ಎಚ್-1ಬಿಯಂಥ ನಾನ್-ಇಮಿಗ್ರಂಟ್ (ತಾತ್ಕಾಲಿಕ ವಾಸದ) ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನಂತೆ ಅಪರಾಧ. ರಾಜ್ಯದ ಊರ್ಜಿತ ಬೇಟೆ ಲೈಸೆನ್ಸ್ ಇರುವಂಥ ಕೆಲವೇ ವಿನಾಯಿತಿಗಳಿವೆ. ಆದ್ದರಿಂದ ನಿಮ್ಮದನ್ನು ಅವರ ಮನೆಯಲ್ಲಿ ಇಡಬೇಡಿ.

ಕಳ್ಳತನವೇ ಆದರೆ ಮೊದಲು ಪೊಲೀಸರು, ಆಮೇಲೆ ಕಂಪನಿ. ಒಹಾಯೋದಲ್ಲಿ ಬಂದೂಕು ಕಳೆದದ್ದು ಗೊತ್ತಿದ್ದೂ ಕೂಡಲೇ ತಿಳಿಸದಿರುವುದು ಅಪರಾಧ. ಸೀರಿಯಲ್ ನಂಬರ್‌ಗಳನ್ನು ಕದ್ದ ಬಂದೂಕುಗಳ ರಾಷ್ಟ್ರೀಯ ಪಟ್ಟಿಗೆ ಏರಿಸಿದ್ದಾರೆಯೇ ಎಂದು ಕೇಳಿ, ರಿಪೋರ್ಟ್ ನಂಬರ್ ಬರೆದುಕೊಳ್ಳಿ. ಹೋದದ್ದರಲ್ಲಿ ಸಪ್ರೆಸರ್ ಇದ್ದರೆ ಅದು ಎನ್‌ಎಫ್‌ಎ ಎಂಬ ಫೆಡರಲ್ ಕಾನೂನಿನಡಿ ನೋಂದಣಿಯ ವಸ್ತು, ಎಟಿಎಫ್‌ಗೂ ತಕ್ಷಣ ತಿಳಿಸಬೇಕು. ನೀವು ಪ್ರಮಾಣ ಮಾಡಿ ಕೊಡಬೇಕಾದ ನಷ್ಟಪತ್ರವನ್ನು ಕಂಪನಿ ಕೇಳಿದ ದಿನದಿಂದ, ಅದನ್ನು ಸಲ್ಲಿಸಲು ಸಾಮಾನ್ಯವಾಗಿ 60 ದಿನ ಸಿಗುತ್ತದೆ. ದುಡ್ಡು ಬಂದ ಮೇಲೆ ಪೊಲೀಸರಿಗೆ ಬಂದೂಕು ಸಿಕ್ಕರೆ, ಪಡೆದದ್ದನ್ನು ಹಿಂದಿರುಗಿಸಿ ಬಂದೂಕನ್ನು ನೀವೇ ಇಟ್ಟುಕೊಳ್ಳುವ ಹಕ್ಕು ಐಎಸ್‌ಒ ನಮೂನೆಯಲ್ಲಿದೆ. ಬೇರೆ ಪಾಲಿಸಿಯಾದರೆ ಆ ಸಾಲು ಇದೆಯೇ ಎಂದು ಈಗಲೇ ನೋಡಿಕೊಳ್ಳಿ. ಇಲ್ಲದಿದ್ದರೆ ನಿಮ್ಮ ವಿಂಚೆಸ್ಟರ್ ಕಂಪನಿಯ ಪಾಲಾಗುತ್ತದೆ.